ಸಿಪ್ಯಾಪ್ ಯಂತ್ರವನ್ನು ಕಂಪನಿ ವಾಪಸ್ ಕರೆದಾಗ: ಯಾವುದು ಮೊದಲು, ಯಾವುದು ಆಮೇಲೆ

ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆಗೆ ಮನೆಯಲ್ಲೇ ಸಿಪ್ಯಾಪ್ ಅಥವಾ ಬೈಪ್ಯಾಪ್ (ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಯಂತ್ರ) ಹಾಕಿಕೊಂಡು ಮಲಗುವವರಿಗೆ ಯಂತ್ರ ವಾಪಸ್ ಕರೆದಿರುವ ಸುದ್ದಿ ಸಾಮಾನ್ಯವಾಗಿ ವಾಟ್ಸಾಪ್‌ನಲ್ಲೇ ಮೊದಲು ಬರುತ್ತದೆ. ಕಂಪನಿಯ ಪತ್ರ ಬರುವುದು ಎಷ್ಟೋ ದಿನದ ಮೇಲೆ, ಕೆಲವರಿಗೆ ಬರುವುದೇ ಇಲ್ಲ. ಅಷ್ಟರಲ್ಲಿ ಕೆಲವರು ಹೆದರಿ ಅವತ್ತೇ ಯಂತ್ರ ಬಿಚ್ಚಿ ಅಟ್ಟಕ್ಕೆ ಹಾಕಿರುತ್ತಾರೆ. ಇನ್ನು ಕೆಲವರು ತುಮಕೂರಿನಿಂದಲೋ ಕೋಲಾರದಿಂದಲೋ ಬಸ್ಸು ಹತ್ತಿ ಬೆಂಗಳೂರಿನ ಡೀಲರ್ ಕೈಗೆ ಯಂತ್ರ ಕೊಟ್ಟು ಬಂದಿರುತ್ತಾರೆ. ಒಳಗಿದ್ದ ಸೆಟ್ಟಿಂಗ್ ಯಂತ್ರದ ಜೊತೆಗೇ ಹೋಗಿರುತ್ತದೆ. ಇಬ್ಬರೂ ಮಾಡಿದ ಕೆಲಸ ಸರಿಯೇ ಇರಬಹುದು, ಮಾಡಿದ ಕ್ರಮ ಸರಿಯಿಲ್ಲ. ವೈದ್ಯರ ಮಾತು, ಸೀರಿಯಲ್ ನಂಬರ್, ಸೆಟ್ಟಿಂಗ್, ಆಮೇಲೆ ಯಂತ್ರ: ಈ ಸಾಲು ತಪ್ಪಬಾರದು.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಈ ಯಂತ್ರಗಳಲ್ಲೇ ಅತಿ ದೊಡ್ಡ ವಾಪಸಾತಿಯನ್ನು. 2021ರ ಜೂನ್ 14ರಂದು ಫಿಲಿಪ್ಸ್ ರೆಸ್ಪಿರಾನಿಕ್ಸ್ ತನ್ನ ಹಲವು ಸಿಪ್ಯಾಪ್, ಬೈಪ್ಯಾಪ್ ಮತ್ತು ವೆಂಟಿಲೇಟರ್‌ಗಳನ್ನು ವಾಪಸ್ ಕರೆಯಿತು. ಮೋಟರಿನ ಸದ್ದು ಅಡಗಿಸಲು ಒಳಗಿಟ್ಟಿದ್ದ ಪಾಲಿಯುರೆಥೇನ್ ಫೋಮ್ ಕಾಲಕ್ರಮೇಣ ಪುಡಿಯಾಗಿ ಉಸಿರಿನ ದಾರಿಗೆ ಸೇರಬಹುದು, ಅದರಿಂದ ಹೊರಡುವ ರಾಸಾಯನಿಕ ಆವಿಯೂ ಒಳಗೆ ಹೋಗಬಹುದು ಎಂಬುದು ಕಾರಣ. ನಿಮ್ಮ ಯಂತ್ರ ಬೇರೆ ಕಂಪನಿಯದಾಗಿ, ಕಾರಣ ಬೇರೆಯಾಗಿದ್ದರೂ ಹಂತಗಳು ಹೆಚ್ಚುಕಮ್ಮಿ ಇವೇ.

ಮೊದಲು ಒಟ್ಟುಮಾಡಿಕೊಳ್ಳಬೇಕಾದವು

ಟಾರ್ಚು, ಕ್ಯಾಮೆರಾ ಇರುವ ಫೋನು, ಬಿಳಿ ಹತ್ತಿ ಬಟ್ಟೆಯ ತುಂಡು, ಜಿಪ್ ಕವರ್ ಎರಡು, ಒಂದು ನೋಟ್‌ಬುಕ್ಕು. ಕಾಗದಗಳಲ್ಲಿ ಯಂತ್ರದ ಬಿಲ್ಲು, ಸ್ಲೀಪ್ ಸ್ಟಡಿ (ನಿದ್ದೆಯ ಪರೀಕ್ಷೆ) ವರದಿ, ವೈದ್ಯರ ಚೀಟಿ. ಎಸ್‌ಡಿ ಕಾರ್ಡ್ ಇರುವ ಯಂತ್ರವಾದರೆ ಕಾರ್ಡ್ ರೀಡರ್ ಬೇಕು. ಅಕ್ಕಪಕ್ಕದ ಮೊಬೈಲ್ ಅಂಗಡಿಯಲ್ಲಿ ಸಿಗುವ ಸಾಧಾರಣದ್ದೇ ಸಾಕು.

ಹಂತ 1: ಇವತ್ತು ರಾತ್ರಿಯ ಪ್ರಶ್ನೆ

ಯಂತ್ರ ಹಾಕಿಕೊಳ್ಳಬೇಕೋ ಬೇಡವೋ ಎಂಬುದನ್ನು ನಿಮಗೆ ಅದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು. ಡೀಲರ್ ಅಲ್ಲ, ಮೆಡಿಕಲ್ ಸ್ಟೋರಿನವರೂ ಅಲ್ಲ. ಆದ್ದರಿಂದ ಮೊದಲ ಫೋನು ಅವರಿಗೆ. ಅವರು ಸಿಗದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೆ ವರದಿ ಸಮೇತ ಹೋಗಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ, ಇಷ್ಟಕ್ಕೆ ಬೆಂಗಳೂರಿಗೇ ಓಡಬೇಕಾಗಿಲ್ಲ.

ಉತ್ತರ ಎಲ್ಲರಿಗೂ ಒಂದೇ ಇರುವುದಿಲ್ಲ. ಸ್ಲೀಪ್ ಸ್ಟಡಿ ವರದಿಯಲ್ಲಿ ಎಎಚ್‌ಐ ಎಂಬ ಅಂಕಿ ಇರುತ್ತದೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ ಅದು. 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಸೌಮ್ಯ ಇದ್ದವರಿಗೆ ಕೆಲವು ವಾರ ಬೇರೆ ದಾರಿ ನೋಡಬಹುದು ಎಂದು ವೈದ್ಯರು ಹೇಳಿಯಾರು. ತೀವ್ರ ಇದ್ದವರಿಗೆ, ಹೃದಯ ದುರ್ಬಲವಾಗಿರುವವರಿಗೆ, ಪಾರ್ಶ್ವವಾಯು ಆದವರಿಗೆ, ಲಾರಿ–ಬಸ್ಸು ಓಡಿಸುವವರಿಗೆ ಯಂತ್ರ ನಿಲ್ಲಿಸುವುದೇ ಫೋಮ್‌ಗಿಂತ ದೊಡ್ಡ ಅಪಾಯವಾಗಬಹುದು.

ವೆಂಟಿಲೇಟರ್ ಅಥವಾ ಉಸಿರಿನ ಸ್ನಾಯು ಸೋತವರಿಗೆ ಕೊಟ್ಟ ಬೈಪ್ಯಾಪ್‌ನ ಮಾತೇ ಬೇರೆ. ಫಿಲಿಪ್ಸ್ ಕಂಪನಿಯ ಟ್ರಿಲಜಿಯಂಥ ವೆಂಟಿಲೇಟರ್ ಮೇಲೆ ಇರುವವರು ಬದಲಿ ಯಂತ್ರ ಪಕ್ಕದಲ್ಲಿ ಬಂದು ಕೂರುವ ತನಕ ಅದನ್ನು ಒಂದು ರಾತ್ರಿಯೂ ನಿಲ್ಲಿಸಬಾರದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಫ್‌ಡಿಎ ಕೂಡ ವೈದ್ಯರ ಜೊತೆ ಮಾತಾಡದೆ ವೆಂಟಿಲೇಟರ್ ನಿಲ್ಲಿಸಬೇಡಿ ಎಂದೇ ಹೇಳಿತ್ತು.

ಇಲ್ಲಿ ಪದೇ ಪದೇ ಆಗುವ ಒಂದು ತಪ್ಪಿದೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಜನ್ ಕಾನ್ಸಂಟ್ರೇಟರ್ ಎಷ್ಟೋ ಮನೆಯ ಮೂಲೆಯಲ್ಲಿ ಕೂತಿದೆ. ಸಿಪ್ಯಾಪ್ ಬದಲು ಅದನ್ನು ಹಚ್ಚಿ ಮಲಗುತ್ತಾರೆ. ಸಿಪ್ಯಾಪ್ ಮಾಡುವ ಕೆಲಸ ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವುದು. ಆಕ್ಸಿಜನ್ ನಳಿಕೆಗೆ ಆ ಒತ್ತಡ ಇಲ್ಲ. ಬೆರಳಿನ ಆಕ್ಸಿಮೀಟರ್ ಒಳ್ಳೆಯ ಅಂಕಿ ತೋರಿಸುತ್ತಿರುತ್ತದೆ, ಒಳಗೆ ಉಸಿರು ನಿಲ್ಲುವುದು ನಡೆದೇ ಇರುತ್ತದೆ. ದಪ್ಪ ಮೈಯಿಂದ ಉಸಿರು ಕಡಿಮೆಯಾಗುವವರಿಗೂ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೂ ಇದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿಸುವ ಅಪಾಯವೂ ಹೌದು.

ಹಂತ 2: ಯಂತ್ರದ ತಳ ನೋಡಿ

ಪ್ಲಗ್ ತೆಗೆಯಿರಿ. ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್‌ನ ನೀರಿನ ಡಬ್ಬಿ ಹೊರತೆಗೆದು ನೀರು ಚೆಲ್ಲಿ. ಆಮೇಲೆ ಮಾತ್ರ ಯಂತ್ರ ತಿರುಗಿಸಿ. ನೀರಿದ್ದಾಗ ತಿರುಗಿಸಿದರೆ ಅದು ಸೀದಾ ಮೋಟರಿಗೆ ಇಳಿಯುತ್ತದೆ, ವಾಪಸಾತಿಯ ಯಂತ್ರ ಹಾಳಾದ ಯಂತ್ರವೂ ಆಗುತ್ತದೆ.

ತಳದ ಸ್ಟಿಕ್ಕರ್ ಮೇಲೆ ಮಾದರಿ ಸಂಖ್ಯೆ, ಸೀರಿಯಲ್ ನಂಬರ್, ತಯಾರಾದ ದಿನಾಂಕ ಇರುತ್ತವೆ. ಕಾರ್ಖಾನೆಯ ಗುರುತಿನ ಪಕ್ಕ ಇರುವ ವರ್ಷ–ತಿಂಗಳೇ ತಯಾರಿಯ ದಿನ. ಕಣ್ಣಲ್ಲಿ ಓದಿ ಬರೆಯಬೇಡಿ, ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಸೊನ್ನೆ ಮತ್ತು ಇಂಗ್ಲಿಷಿನ ‘ಓ’, ಎಂಟು ಮತ್ತು ‘ಬಿ’ ಅದಲುಬದಲಾಗಿ ಕಂಪನಿಯ ಪುಟದಲ್ಲಿ ‘ಈ ಯಂತ್ರ ಪಟ್ಟಿಯಲ್ಲಿಲ್ಲ’ ಎಂದು ಬಂದರೆ ನಿರಾಳವಾಗಿ ಬಿಟ್ಟುಬಿಡುವವರು ಬಹಳ.

ಫಿಲಿಪ್ಸ್ ವಾಪಸಾತಿಯಲ್ಲಿ ಗೆರೆ ಎಳೆದದ್ದು 2021ರ ಏಪ್ರಿಲ್ 26ಕ್ಕೆ, ಅದಕ್ಕೂ ಮೊದಲು ತಯಾರಾದ ಯಂತ್ರಗಳಿಗೆ. ಮೊದಲ ತಲೆಮಾರಿನ ಡ್ರೀಮ್‌ಸ್ಟೇಷನ್, ಡ್ರೀಮ್‌ಸ್ಟೇಷನ್ ಗೋ, ಸಿಸ್ಟಮ್ ಒನ್, ರೆಮ್‌ಸ್ಟಾರ್ ಎಸ್‌ಇ ಆಟೋ, ಡಾರ್ಮಾ 400 ಮತ್ತು 500, ಎ ಸರಣಿಯ ಬೈಪ್ಯಾಪ್‌ಗಳು, ಟ್ರಿಲಜಿ 100 ಮತ್ತು 200 ಅದರಲ್ಲಿದ್ದವು. ಡ್ರೀಮ್‌ಸ್ಟೇಷನ್ 2 ಇರಲಿಲ್ಲ. ಆದರೆ ಡ್ರೀಮ್‌ಸ್ಟೇಷನ್ 2 ಅತಿಯಾಗಿ ಬಿಸಿಯಾಗುವ ಬಗ್ಗೆ 2023ರ ನವೆಂಬರಿನಲ್ಲಿ ಎಫ್‌ಡಿಎ ಪ್ರತ್ಯೇಕ ಎಚ್ಚರಿಕೆ ಕೊಟ್ಟಿತು. ಸುಟ್ಟ ವಾಸನೆ, ಹೊಗೆ, ಪ್ಲಾಸ್ಟಿಕ್ಕಿನ ಬಣ್ಣ ಬದಲಾಗುವುದು ಕಂಡರೆ ಪ್ಲಗ್ ಕೀಳಬೇಕು. ಯಾವ ಸಿಪ್ಯಾಪ್ ಆದರೂ ಹಾಸಿಗೆ, ಕಾರ್ಪೆಟ್ ಮೇಲೆ ಇಡಬಾರದು. ಗಟ್ಟಿ ಸಮತಟ್ಟು ಸ್ಟೂಲೇ ಸರಿ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಯಂತ್ರವಾದರೆ ಆ ನಂಬರ್ ಅಲ್ಲಿನ ಲೆಕ್ಕದಲ್ಲಿರುತ್ತದೆ. ಇಲ್ಲಿನ ಡೀಲರ್ ‘ನಮ್ಮದಲ್ಲ’ ಎಂದರೆ ಅಲ್ಲಿಗೇ ಬಿಡಬೇಡಿ, ಕೊಂಡ ದೇಶದ ಪುಟದಲ್ಲಿ ಅಲ್ಲಿರುವವರಿಂದಲೇ ರಿಜಿಸ್ಟರ್ ಮಾಡಿಸಿ. ಇನ್ನೊಂದು ಮಾತು: ಅಮೆರಿಕದಲ್ಲಿ ‘ರಿಕಾಲ್’ ಎಂದದ್ದನ್ನು ಬೇರೆ ದೇಶಗಳಲ್ಲಿ ‘ಫೀಲ್ಡ್ ಸೇಫ್ಟಿ ನೋಟಿಸ್’ ಎಂದು ಕಳಿಸಿದ್ದರು. ಬಂದ ಪತ್ರದಲ್ಲಿ ರಿಕಾಲ್ ಎಂಬ ಪದವಿಲ್ಲ ಎಂದು ಕಸಕ್ಕೆ ಹಾಕಬಾರದು.

ಹಂತ 3: ಸೆಟ್ಟಿಂಗ್ ಬರೆದಿಟ್ಟುಕೊಳ್ಳಿ

ಇಡೀ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಸಿಪ್ಯಾಪ್ ಅಂಗಡಿಯಿಂದ ತಂದು ಸ್ವಿಚ್ ಹಾಕುವ ಫ್ಯಾನ್ ಅಲ್ಲ. ಯಂತ್ರ ಕೊಟ್ಟ ದಿನ ಯಾರೋ ಒಬ್ಬರು ಒಳಗಿನ ಮೆನು ತೆರೆದು ನಿಮ್ಮ ಒತ್ತಡ ಕೂರಿಸಿ ಹೋಗಿರುತ್ತಾರೆ. ಆ ಅಂಕಿಗಳು ಚೀಟಿಯಲ್ಲಿ ಇರಲೇಬೇಕೆಂದಿಲ್ಲ. ಆಮೇಲೆ ಎರಡು ಸಲ ಫೋನಿನಲ್ಲಿ ಹೇಳಿ ಬದಲಿಸಿರುತ್ತಾರೆ, ಅದಂತೂ ಎಲ್ಲೂ ಬರೆದಿರುವುದಿಲ್ಲ.

ರೋಗಿಗೆ ಕಾಣುವ ಮೆನುವಿನಲ್ಲಿ ಎಎಚ್‌ಐ, ಬಳಸಿದ ಗಂಟೆ, ಮಾಸ್ಕ್ ಸೋರಿಕೆ ಸಿಗುತ್ತವೆ. ಪೂರ್ತಿ ಸೆಟ್ಟಿಂಗ್ ಇರುವುದು ವೈದ್ಯರ ಮೆನುವಿನಲ್ಲಿ. ಅದನ್ನು ತೆರೆದು ತೋರಿಸುವಂತೆ ವೈದ್ಯರನ್ನೋ ಡೀಲರ್ ಕಡೆಯ ತಂತ್ರಜ್ಞರನ್ನೋ ಕೇಳಿ, ಪ್ರತಿ ಪರದೆಯ ಫೋಟೋ ತೆಗೆದುಕೊಳ್ಳಿ. ಬರೆದುಕೊಳ್ಳಬೇಕಾದವು ಹೀಗೆ.

ಸಿಪ್ಯಾಪ್ ಆದರೆ: ಒಂದೇ ಒತ್ತಡವೋ ಆಟೋ ಮೋಡೋ. ಒಂದೇ ಆದರೆ ಆ ಅಂಕಿ, ಆಟೋ ಆದರೆ ಕನಿಷ್ಠ ಮತ್ತು ಗರಿಷ್ಠ ಎರಡೂ. ಅಳತೆ ಸೆಂಟಿಮೀಟರ್ ನೀರಿನ ಒತ್ತಡದಲ್ಲಿರುತ್ತದೆ. ಮನೆಯ ಸಿಪ್ಯಾಪ್‌ಗಳು 4ರಿಂದ 20ರ ನಡುವೆ ಕೆಲಸ ಮಾಡುತ್ತವೆ. ಇದರ ಜೊತೆಗೆ ರ‍್ಯಾಂಪ್ (ಒತ್ತಡ ನಿಧಾನವಾಗಿ ಏರುವ ಹೊತ್ತು) ಎಷ್ಟು ನಿಮಿಷ, ಯಾವ ಒತ್ತಡದಿಂದ ಶುರು, ಉಸಿರು ಬಿಡುವಾಗ ಒತ್ತಡ ಇಳಿಸುವ ಸೌಲಭ್ಯದ ಅಂಕಿ, ತೇವಾಂಶದ ಮಟ್ಟ, ಪೈಪಿನ ವಿಧ.

ಬೈಪ್ಯಾಪ್ ಆದರೆ: ಮೋಡ್ ಯಾವುದು, ಉಸಿರು ಎಳೆಯುವಾಗಿನ ಒತ್ತಡ ಐಪ್ಯಾಪ್, ಬಿಡುವಾಗಿನ ಒತ್ತಡ ಇಪ್ಯಾಪ್, ಮತ್ತು ಯಂತ್ರವೇ ಉಸಿರಾಡಿಸುವ ಬ್ಯಾಕಪ್ ರೇಟ್. ಮೋಡ್ ಬರೆಯದೆ ಎರಡು ಒತ್ತಡ ಮಾತ್ರ ಬರೆದುಕೊಂಡರೆ ಅರ್ಧ ಬಿಟ್ಟಂತೆ. ಬ್ಯಾಕಪ್ ರೇಟ್ ಇರುವ ಎಸ್‌ಟಿ ಮೋಡ್ ಬೇಕಾದವರಿಗೆ ಅದಿಲ್ಲದ ಎಸ್ ಮೋಡ್ ಹಾಕಿದರೆ, ಅವರ ಉಸಿರಾಟ ನಿಂತಾಗ ಯಂತ್ರ ಸುಮ್ಮನೆ ಕಾಯುತ್ತ ಕೂರುತ್ತದೆ.

ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುವವರು ಇದನ್ನು ಗಮನವಿಟ್ಟು ಓದಬೇಕು. ಫಿಲಿಪ್ಸ್‌ನ ಫ್ಲೆಕ್ಸ್ ಮತ್ತು ರೆಸ್ಮೆಡ್‌ನ ಇಪಿಆರ್, ಉಸಿರು ಬಿಡುವಾಗ ಒತ್ತಡ ಇಳಿಸುವ ಈ ಎರಡು ಸೌಲಭ್ಯಗಳಲ್ಲೂ 1, 2, 3 ಎಂದೇ ಇರುತ್ತದೆ, ಮಾಡುವ ಕೆಲಸ ಒಂದೇ ಅಲ್ಲ. ಫ್ಲೆಕ್ಸ್ ಉಸಿರು ಬಿಡುವ ಆರಂಭದಲ್ಲಿ ಸ್ವಲ್ಪ ಇಳಿಸಿ, ಬಿಟ್ಟು ಮುಗಿಯುವ ಹೊತ್ತಿಗೆ ಮೊದಲಿನ ಒತ್ತಡಕ್ಕೆ ತರುತ್ತದೆ. ಇಪಿಆರ್ 3 ಇಟ್ಟರೆ ಉಸಿರು ಬಿಡುವ ಉದ್ದಕ್ಕೂ ಪೂರ್ತಿ 3 ಅಂಕ ಇಳಿಯುತ್ತದೆ. ಅಂದರೆ 8ರ ಒತ್ತಡ ಆ ಹೊತ್ತಿಗೆ 5 ಆಗುತ್ತದೆ. ಫ್ಲೆಕ್ಸ್ 3 ಇದ್ದವರಿಗೆ ಕಣ್ಣುಮುಚ್ಚಿ ಇಪಿಆರ್ 3 ಹಾಕಿದರೆ ಕೆಲವರಲ್ಲಿ ಗೊರಕೆ ತಿರುಗಿ ಬರುತ್ತದೆ. ಬೈಯಿಸಿಕೊಳ್ಳುವುದು ಹೊಸ ಯಂತ್ರ!

ಎಸ್‌ಡಿ ಕಾರ್ಡನ್ನು ಹೊರತೆಗೆದು, ಪಕ್ಕದ ಚಿಕ್ಕ ಗುಬುಟನ್ನು ಲಾಕ್ ಕಡೆ ಸರಿಸಿ, ಒಳಗಿರುವ ಎಲ್ಲ ಫೋಲ್ಡರ್‌ಗಳನ್ನೂ ಇದ್ದ ಹಾಗೇ ಕಂಪ್ಯೂಟರಿಗೆ ಕಾಪಿ ಮಾಡಿ. ‘ಈ ಕಾರ್ಡ್ ಫಾರ್ಮ್ಯಾಟ್ ಮಾಡಬೇಕೇ’ ಎಂದು ಕಂಪ್ಯೂಟರ್ ಕೇಳಿದರೆ ಬೇಡ ಎನ್ನಿ. ಹಳೆಯ ಯಂತ್ರವನ್ನೇ ಇನ್ನೂ ಬಳಸುವುದಿದ್ದರೆ ವಾಪಸ್ ಹಾಕುವ ಮೊದಲು ಲಾಕ್ ತೆಗೆಯಿರಿ. ಹೊಸ ಯಂತ್ರಕ್ಕೆ ಹೊಸ ಕಾರ್ಡ್ ಹಾಕಿ, ಹಳೆಯದನ್ನು ಕವರಿನಲ್ಲಿಟ್ಟು ಮೇಲೆ ದಿನಾಂಕ ಬರೆದಿಡಿ.

ಹಂತ 4: ಕಪ್ಪು ಪುಡಿ ಇದೆಯೇ ನೋಡುವುದು

ಹಗಲು ಬೆಳಕಿನಲ್ಲಿ ಮಾಡಿ. ಪೈಪು ಬಿಚ್ಚಿ ಗಾಳಿ ಹೊರಬರುವ ಬಾಯಿಗೆ ಟಾರ್ಚು ಹಿಡಿಯಿರಿ. ನೀರಿನ ಡಬ್ಬಿಯ ಮೂಲೆ, ಮುಚ್ಚಳದ ಒಳಮೈ, ಮಾಸ್ಕಿನ ಮೊಣಕೈ ತುಂಡು (ಪೈಪು ಸೇರುವ ಬಾಗಿದ ಭಾಗ) ನೋಡಿ. ಒದ್ದೆ ಬಿಳಿ ಬಟ್ಟೆಯಿಂದ ಡಬ್ಬಿಯ ಒಳಗೆ ಒರೆಸಿ. ಗಾಳಿಯ ಬಾಯಿಯೊಳಗೆ ಬೆರಳು, ಇಯರ್ ಬಡ್, ಕಡ್ಡಿ ಏನನ್ನೂ ತೂರಿಸಬೇಡಿ.

ಕಪ್ಪೆಲ್ಲ ಫೋಮ್ ಅಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಒಲೆಗಳ ಹತ್ತಿರ, ಕ್ವಾರಿ ಲಾರಿಗಳು ಓಡುವ ರಸ್ತೆಯ ಪಕ್ಕ ಇರುವ ಮನೆಗಳಲ್ಲಿ ಫಿಲ್ಟರ್ ಕೆಲವೇ ದಿನಕ್ಕೆ ಮಸಿ ಬಣ್ಣಕ್ಕೆ ತಿರುಗುತ್ತದೆ. ದೇವರ ಮನೆಯ ಊದುಬತ್ತಿ ಹೊಗೆಯೂ ಅಷ್ಟೇ. ಈ ಕೊಳೆ ಸೇರುವುದು ಗಾಳಿ ಒಳಗೆ ಹೋಗುವ ಹಿಂಬದಿಯ ಫಿಲ್ಟರಿನಲ್ಲಿ. ಫೋಮ್ ಪುಡಿ ಸಿಗುವುದು ಯಂತ್ರ ದಾಟಿದ ಮೇಲೆ: ಹೊರಬಾಯಿ, ಡಬ್ಬಿ, ಪೈಪು, ಮಾಸ್ಕ್. ಡಬ್ಬಿಯ ಅಂಚಿನಲ್ಲಿ ಜಾರುವ ಕಪ್ಪು–ಗುಲಾಬಿ ಲೋಳೆ ಇದ್ದರೆ ಅದು ಬೂಷ್ಟು ಅಥವಾ ಬ್ಯಾಕ್ಟೀರಿಯಾ, ತೊಳೆಯದ ತಪ್ಪು.

ಪುಡಿ ಕಂಡರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಬಟ್ಟೆ ಸಮೇತ ಜಿಪ್ ಕವರಿಗೆ ಹಾಕಿ, ದಿನಾಂಕ ಮತ್ತು ಸೀರಿಯಲ್ ನಂಬರ್ ಬರೆಯಿರಿ. ತೊಳೆದು ಸ್ವಚ್ಛ ಮಾಡಿ ಆಮೇಲೆ ದೂರು ಕೊಡಲು ಹೋಗಬೇಡಿ. ವೈದ್ಯರಿಗೆ ಅದೇ ದಿನ ತಿಳಿಸಬೇಕು. ಪುಡಿ ಕಾಣಲಿಲ್ಲ ಎಂದರೆ ಫೋಮ್ ಚೆನ್ನಾಗಿದೆ ಎಂದು ಅರ್ಥವಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೂ ಇರುತ್ತವೆ, ಆವಿಯಂತೂ ಕಾಣುವುದೇ ಇಲ್ಲ.

ಮೈಯಲ್ಲಿ ಗಮನಿಸಬೇಕಾದವು: ಹೊಸದಾಗಿ ಶುರುವಾದ ತಲೆನೋವು, ಗಂಟಲು–ಮೂಗಿನ ಉರಿ, ಕೆಮ್ಮು, ಎದೆ ಬಿಗಿತ, ಸೈನಸ್ ತೊಂದರೆ. ಇವೆಲ್ಲ ಬೇರೆ ಕಾರಣಕ್ಕೂ ಬರುತ್ತವೆ, ಹಾಗಾಗಿ ಯಾವ ದಿನ ಶುರುವಾಯಿತು ಎಂದು ಬರೆದಿಟ್ಟರೆ ವೈದ್ಯರಿಗೆ ಉಪಯೋಗ. ಫೋಮ್‌ನಿಂದ ಆಗುವ ಹಾನಿ ಎಷ್ಟು ಎಂಬುದರಲ್ಲಿ ಒಮ್ಮತ ಬಂದಿಲ್ಲ. ಕಂಪನಿ ತನ್ನ ಪರೀಕ್ಷೆಗಳ ಆಧಾರದ ಮೇಲೆ ಅಪಾಯ ಕಡಿಮೆ ಎಂದಿತು. ಆ ಪರೀಕ್ಷೆಗಳು ಅಪಾಯವನ್ನು ಪೂರ್ತಿ ತೂಗಲು ಸಾಲವು ಎಂದು ಎಫ್‌ಡಿಎ 2023ರ ಅಕ್ಟೋಬರಿನಲ್ಲಿ ಹೇಳಿತು.

ಮತ್ತೆ, ಯಂತ್ರ ಬಿಚ್ಚಿ ಫೋಮ್ ಕಿತ್ತುಹಾಕಿಕೊಡುತ್ತೇವೆ ಎನ್ನುವ ಮೆಕ್ಯಾನಿಕ್‌ಗಳ ಮಾತು ಕೇಳಬೇಡಿ. ಫೋಮ್ ಗಾಳಿಯ ದಾರಿಯಲ್ಲೇ ಅಂಟಿಕೊಂಡಿರುತ್ತದೆ. ಕೀಳುವಾಗ ಚೂರುಗಳು ಒಳಗೇ ಉಳಿಯುತ್ತವೆ, ಗಾಳಿಯ ಹರಿವು ಬದಲಾಗುತ್ತದೆ, ಬಿಚ್ಚಿದ ಯಂತ್ರವನ್ನು ವಾಪಸ್ ತೆಗೆದುಕೊಳ್ಳಲು ಕಂಪನಿ ತಕರಾರು ತೆಗೆಯುತ್ತದೆ.

ಹಂತ 5: ರಿಜಿಸ್ಟರ್ ಮಾಡುವುದು

ಕಂಪನಿಯ ಪುಟದಲ್ಲಿ ಅಥವಾ ಪತ್ರದಲ್ಲಿರುವ ನಂಬರಿನಲ್ಲಿ ನೀವೇ ರಿಜಿಸ್ಟರ್ ಮಾಡಿ. ‘ನಾವೇ ಮಾಡಿಸ್ತೀವಿ ಬಿಡಿ ಸಾರ್’ ಎಂದು ಡೀಲರ್ ಹೇಳಿದರೂ ನಿಮ್ಮ ಹೆಸರಿನಲ್ಲಿ ಬಂದ ದೃಢೀಕರಣ ಸಂಖ್ಯೆ ಕೈಯಲ್ಲಿರಬೇಕು. ಆ ಸಂಖ್ಯೆ ಇಲ್ಲದಿದ್ದರೆ ರಿಜಿಸ್ಟರ್ ಆಗಿಲ್ಲ ಎಂದೇ ತಿಳಿಯಿರಿ. ಬಾಡಿಗೆ ಯಂತ್ರವಾದರೆ ಮಾಲೀಕರು ಡೀಲರ್, ಬದಲಿ ಕೊಡುವ ಹೊಣೆ ಅವರದು, ಅದನ್ನು ವಾಟ್ಸಾಪಿನಲ್ಲಾದರೂ ಬರಹದಲ್ಲಿ ಕೇಳಿ. ಇಎಸ್‌ಐ, ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ಮೂಲಕ ಬಂದಿದ್ದರೆ ಮೊದಲು ಅಲ್ಲಿ ತಿಳಿಸಬೇಕು.

ಸೆಕೆಂಡ್ ಹ್ಯಾಂಡ್ ಕೊಂಡವರ ಹತ್ತಿರ ಬಿಲ್ಲಿರುವುದಿಲ್ಲ. ಆದರೂ ಸೀರಿಯಲ್ ನಂಬರ್ ಮೇಲೆ ಪ್ರಯತ್ನಿಸಿ, ವಾಪಸಾತಿ ಯಂತ್ರಕ್ಕೆ ಸಂಬಂಧಿಸಿದ್ದು. ಮಾರಿದವರಿಂದ ‘ಇಂಥ ನಂಬರಿನ ಯಂತ್ರ ಕೊಟ್ಟಿದ್ದೇನೆ’ ಎಂದು ಒಂದು ಸಂದೇಶ ಹಾಕಿಸಿಕೊಂಡರೂ ಸಹಾಯವಾಗುತ್ತದೆ.

ಹಂತ 6: ಬದಲಿ ಬರುವ ತನಕ

ಕಾಯುವುದು ವಾರಗಳಲ್ಲಿ ಮುಗಿಯದೆ ತಿಂಗಳುಗಳಿಗೆ ಹೋಗಬಹುದು. ಫಿಲಿಪ್ಸ್ ವಾಪಸಾತಿಯಲ್ಲಿ ವರ್ಷ ದಾಟಿ ಕಾದವರಿದ್ದಾರೆ. ಹಳೆಯ ಯಂತ್ರವನ್ನೇ ಮುಂದುವರಿಸಿ ಎಂದು ವೈದ್ಯರು ಹೇಳಿದ್ದರೆ ಕೆಲವು ವಿಷಯ ಬಿಗಿಮಾಡಬೇಕು.

ಓಝೋನ್ ಕ್ಲೀನರ್ ಪೂರ್ತಿ ನಿಲ್ಲಿಸಿ. ಆ ಫೋಮ್ ಬೇಗ ಪುಡಿಯಾಗಲು ಓಝೋನ್ ಒಂದು ಕಾರಣ ಎಂದು ಕಂಪನಿಯೇ ಹೇಳಿತ್ತು. ಮಾಸ್ಕ್, ಪೈಪು, ಡಬ್ಬಿಗೆ ಉಗುರು ಬೆಚ್ಚನೆ ನೀರು, ಸೌಮ್ಯ ಸೋಪು ಸಾಕು. ಡೆಟಾಲ್ ಬೇಡ, ವಾಸನೆ ಪ್ಲಾಸ್ಟಿಕ್ಕಿಗೆ ಹಿಡಿದು ರಾತ್ರಿಯೆಲ್ಲ ಅದನ್ನೇ ಉಸಿರಾಡಬೇಕಾಗುತ್ತದೆ. ಪೈಪನ್ನು ಬಿಸಿಲಿಗಲ್ಲ, ನೆರಳಿಗೆ ನೇತುಹಾಕಿ.

ಶಾಖ ಮತ್ತು ತೇವ ಎರಡೂ ಫೋಮ್‌ಗೆ ಶತ್ರು. ಪಾವಗಡ, ಶಿರಾ ಕಡೆಯ ಶೀಟಿನ ಮನೆಗಳಲ್ಲಿ ಬೇಸಿಗೆಯ ಮಧ್ಯಾಹ್ನ ಮಲಗುವ ಕೋಣೆ ಕಾದ ಹೆಂಚಾಗುತ್ತದೆ. ಹಗಲು ಯಂತ್ರವನ್ನು ಅಲ್ಲೇ ಬಿಡದೆ ನೀರಿನ ಡಬ್ಬಿ ತೆಗೆದು, ಒಣಗಿಸಿ, ತಂಪಾದ ಕೋಣೆಯ ಕಪಾಟಿನಲ್ಲಿಡಿ. ಕಾರಿನ ಡಿಕ್ಕಿಯಲ್ಲಂತೂ ಬೇಡ.

ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯ ಬೋರ್‌ವೆಲ್ ನೀರು ಗಡಸು. ಒಂದೇ ವಾರಕ್ಕೆ ತಳದಲ್ಲಿ ಬಿಳಿ ಪದರ ಕಟ್ಟಿ, ಬಿಸಿ ಪ್ಲೇಟಿನಿಂದ ನೀರಿಗೆ ಶಾಖ ತಲುಪುವುದು ಕಡಿಮೆಯಾಗುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ಬ್ಯಾಟರಿಗೇ ಇರಲಿ.

ಫಿಲ್ಟರ್ ವಿಷಯದಲ್ಲಿ ಗೊಂದಲ ಹೆಚ್ಚು. ಹಿಂಬದಿಯ ಫಿಲ್ಟರ್ ಹೊರಗಿನ ಧೂಳನ್ನು ತಡೆಯುತ್ತದೆ, ಫೋಮ್ ಇರುವುದು ಅದರಾಚೆ. ಡ್ರೀಮ್‌ಸ್ಟೇಷನ್‌ನ ನೀಲಿ ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆಯಬಹುದು, ತೆಳು ನೀಲಿಯದನ್ನು ತೊಳೆಯದೆ 30 ರಾತ್ರಿಗೆ ಎಸೆಯಬೇಕು. ಯಂತ್ರದ ಹೊರಬಾಯಿ ಮತ್ತು ಪೈಪಿನ ನಡುವೆ ಹಾಕುವ ಬ್ಯಾಕ್ಟೀರಿಯಾ ಫಿಲ್ಟರ್ ಬೇರೆಯದೇ ವಸ್ತು. ಅದು ಕಣಗಳನ್ನು ತಡೆಯಬಲ್ಲದು, ಆವಿಯನ್ನು ತಡೆಯದು. ಅದರಿಂದ ಗಾಳಿಗೆ ಅಡ್ಡಿ ಹೆಚ್ಚಿ ನಿಮಗೆ ತಲುಪುವ ಒತ್ತಡ ಕುಗ್ಗಬಹುದು. ಹ್ಯೂಮಿಡಿಫೈಯರ್ ದಾಟಿದ ಮೇಲೆ ಹಾಕಿದರೆ ತೇವದಿಂದ ಕಟ್ಟಿಕೊಳ್ಳುತ್ತದೆ. ಆದ್ದರಿಂದ ವೈದ್ಯರು ಹೇಳದೆ ಆನ್‌ಲೈನಿನಲ್ಲಿ ತರಿಸಿ ಹಾಕಿಕೊಳ್ಳುವ ವಸ್ತು ಇದಲ್ಲ.

ವೈದ್ಯರು ಯಂತ್ರ ನಿಲ್ಲಿಸಿ ಎಂದಿದ್ದರೆ ಬಾಡಿಗೆ ಯಂತ್ರ ಮೊದಲ ಆಯ್ಕೆ. ಅದೂ ಆಗದಿದ್ದರೆ ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನ ಸೌಮ್ಯ–ಮಧ್ಯಮ ತೊಂದರೆಯವರಿಗೆ ಆಗಬಹುದು. ಬೆನ್ನ ಮೇಲೆ ಮಲಗಿದಾಗಲೇ ಹೆಚ್ಚು ಎಂದು ವರದಿಯಲ್ಲಿದ್ದರೆ ಮಗ್ಗುಲಾಗಿ ಮಲಗುವುದು, ತಲೆ ಕಡೆ ಮಂಚದ ಕಾಲು ಎತ್ತರಿಸುವುದು ಸ್ವಲ್ಪ ಸಹಾಯ ಮಾಡುತ್ತದೆ. ರಾತ್ರಿ ಮದ್ಯ ಬೇಡ. ನಿದ್ದೆ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು, ಗಂಟಲಿನ ಸ್ನಾಯು ಇನ್ನಷ್ಟು ಸಡಿಲವಾಗುತ್ತದೆ. ಹಗಲು ತೂಕಡಿಕೆ ತಿರುಗಿ ಬಂದಿದ್ದರೆ ಗಾಡಿ ಓಡಿಸಬಾರದು, ಸ್ಕೂಟರನ್ನೂ ಸೇರಿಸಿ. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ವೈದ್ಯರಿಗೆ ‘ಸಿಪ್ಯಾಪ್ ಹಾಕುತ್ತಿದ್ದೆ, ಈಗ ನಿಂತಿದೆ’ ಎಂದು ಬಾಯಿಬಿಟ್ಟು ಹೇಳಬೇಕು.

ಎಬ್ಬಿಸಿದರೂ ಸರಿಯಾಗಿ ಎಚ್ಚರಾಗದಿರುವುದು, ತುಟಿ ನೀಲಿಯಾಗುವುದು, ಬೆಳಿಗ್ಗೆ ಮಾತು ತಡವರಿಸಿ ಗಲಿಬಿಲಿಯಾಗುವುದು, ಎದೆನೋವು: ಇವು ಕಂಡರೆ ಡೀಲರಿಗೆ ಫೋನ್ ಮಾಡುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಹಂತ 7: ಹಳೆಯದು ಕೊಟ್ಟು ಹೊಸದು ಪಡೆಯುವ ದಿನ

ಎಸ್‌ಡಿ ಕಾರ್ಡ್ ತೆಗೆದಿದ್ದೀರಾ ನೋಡಿ. ಏನೇನು ವಾಪಸ್ ಕೇಳಿದ್ದಾರೆ ಎಂದು ಪತ್ರದಲ್ಲಿ ಓದಿ, ಅಷ್ಟೇ ಕೊಡಿ. ಮಾಸ್ಕ್, ಪೈಪು ಕೇಳಿರದಿದ್ದರೆ ಮನೆಯಲ್ಲೇ ಇರಲಿ. ಕೊಟ್ಟದ್ದಕ್ಕೆ ಸೀರಿಯಲ್ ನಂಬರ್ ನಮೂದಿಸಿದ ರಸೀದಿ ಬೇಕು, ‘ಒಂದು ಸಿಪ್ಯಾಪ್ ಪಡೆದಿದೆ’ ಎಂಬಷ್ಟು ಸಾಲದು. ಕೊರಿಯರ್ ಆದರೆ ಡಬ್ಬಿ ಕಟ್ಟುವ ಮೊದಲು ವಿಡಿಯೋ ಮಾಡಿ. ಕಂಪನಿ ಹಳೆಯದನ್ನು ಕೇಳದಿದ್ದರೂ ಅದನ್ನು ಊರಿನ ನೆಂಟರಿಗೆ ಕೊಡುವುದು, ಆನ್‌ಲೈನಿನಲ್ಲಿ ಮಾರುವುದು ಬೇಡ.

ಬಂದ ಯಂತ್ರದಲ್ಲಿ ಪೆಟ್ಟಿಗೆಯ ಮೇಲಿನ ನಂಬರ್, ಯಂತ್ರದ ತಳದ ನಂಬರ್, ಪರದೆಯಲ್ಲಿ ಕಾಣುವ ನಂಬರ್ ಮೂರೂ ಒಂದೇ ಇವೆಯೇ ನೋಡಿ. ಇದು ಅತಿ ಜಾಗ್ರತೆಯಲ್ಲ. ಸರಿಪಡಿಸಿ ಕಳಿಸಿದ ಕೆಲವು ಡ್ರೀಮ್‌ಸ್ಟೇಷನ್‌ಗಳಲ್ಲಿ ಸೀರಿಯಲ್ ನಂಬರ್ ತಪ್ಪಾಗಿಯೋ ಎರಡು ಯಂತ್ರಕ್ಕೆ ಒಂದೇ ಆಗಿಯೋ ಕೂತು, ಒಬ್ಬರ ಒತ್ತಡದ ಸೆಟ್ಟಿಂಗ್ ಇನ್ನೊಬ್ಬರ ಯಂತ್ರಕ್ಕೆ ಹೋಗುವ ಅಪಾಯವಿದೆ ಎಂದು 2023ರಲ್ಲಿ ಅವನ್ನೇ ಮತ್ತೆ ವಾಪಸ್ ಕರೆಯಬೇಕಾಯಿತು. ಹಂತ 3ರಲ್ಲಿ ತೆಗೆದ ಫೋಟೋಗಳನ್ನು ಹೊರತೆಗೆದು ತಂತ್ರಜ್ಞರ ಎದುರಿನಲ್ಲೇ ಸಾಲು ಸಾಲಾಗಿ ತಾಳೆ ನೋಡಿ.

ಅಡಾಪ್ಟರ್ ಹೊಸ ಯಂತ್ರದ್ದೇ ಇರಬೇಕು. ಮೊದಲ ಡ್ರೀಮ್‌ಸ್ಟೇಷನ್ 12 ವೋಲ್ಟಿನದು, ರೆಸ್ಮೆಡ್ ಏರ್‌ಸೆನ್ಸ್ 10 ಎಂಬುದು 24 ವೋಲ್ಟಿನದು. ಹಳೆಯ ಅಡಾಪ್ಟರ್ ಮೇಲೆ ಬಣ್ಣದ ಟೇಪು ಸುತ್ತಿ ಬೇರೆ ಇಡಿ. ಸಾಧಾರಣ 22 ಮಿಲಿಮೀಟರ್ ಬಾಯಿಯ ಪೈಪು ಎರಡಕ್ಕೂ ಆಗುತ್ತದೆ, ವೈರು ಇರುವ ಬಿಸಿ ಪೈಪು ಆಗದು. ಬೆಸ್ಕಾಂ ಕರೆಂಟು ಹೋದಾಗ ಯುಪಿಎಸ್ ಮೇಲೆ ಓಡಿಸುವವರು ಅದು ಸೈನ್ ವೇವ್ ಮಾದರಿಯೇ ಎಂದು ಖಚಿತಮಾಡಿಕೊಳ್ಳಿ. ಹ್ಯೂಮಿಡಿಫೈಯರ್ ಮತ್ತು ಬಿಸಿ ಪೈಪು ಆಫ್ ಮಾಡಿದರೆ ಬ್ಯಾಟರಿ ಬಹಳ ಹೆಚ್ಚು ಹೊತ್ತು ಬರುತ್ತದೆ, ವಿದ್ಯುತ್ತಿನ ದೊಡ್ಡ ಪಾಲು ಎಳೆಯುವುದು ಅವೇ.

ಮಾಸ್ಕಿನಲ್ಲಿ ಉಸಿರು ಹೊರಹೋಗುವ ಸಣ್ಣ ತೂತುಗಳು ಇರಲೇಬೇಕು. ಆಸ್ಪತ್ರೆಯಿಂದ ತಂದ, ಮೊಣಕೈ ತುಂಡು ನೀಲಿಯಾಗಿರುವ ಮಾಸ್ಕ್‌ಗಳಲ್ಲಿ ಸಾಮಾನ್ಯವಾಗಿ ತೂತು ಇರುವುದಿಲ್ಲ. ಅವನ್ನು ಮನೆಯ ಸಿಪ್ಯಾಪಿಗೆ ಹಾಗೇ ಸಿಕ್ಕಿಸಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಪೇಸ್‌ಮೇಕರ್ ಅಥವಾ ತಲೆಯೊಳಗೆ ಲೋಹದ ಕ್ಲಿಪ್ ಇರುವವರು, ಅವರ ಪಕ್ಕ ಮಲಗುವವರು ಆಯಸ್ಕಾಂತದ ಕ್ಲಿಪ್ ಇರುವ ಮಾಸ್ಕ್ ತೆಗೆದುಕೊಳ್ಳಬಾರದು. ಆಯಸ್ಕಾಂತವನ್ನು ಇಂಥ ಸಾಧನಗಳಿಂದ ಕನಿಷ್ಠ 6 ಇಂಚು ದೂರ ಇಡಬೇಕೆಂದು ಫಿಲಿಪ್ಸ್ 2022ರಲ್ಲೂ ರೆಸ್ಮೆಡ್ 2023ರಲ್ಲೂ ಎಚ್ಚರಿಸಿವೆ.

ಹಂತ 8: ಮೊದಲ ಎರಡು ವಾರ

ಪ್ರತಿ ಬೆಳಿಗ್ಗೆ ಮೂರು ಅಂಕಿ ಬರೆಯಿರಿ: ಬಳಸಿದ ಗಂಟೆ, ಎಎಚ್‌ಐ, ಸೋರಿಕೆ. ಎಎಚ್‌ಐ 5ರ ಒಳಗಿದ್ದರೆ ಚಿಕಿತ್ಸೆ ನಡೆಯುತ್ತಿದೆ. ಒಂದು ದಿನ ಏರಿದರೆ ಗಾಬರಿ ಬೇಡ, ಸತತ ಮೂರ್ನಾಲ್ಕು ದಿನ ಏರಿದ್ದರೆ ವೈದ್ಯರಿಗೆ ಕಳಿಸಿ. ಸೋರಿಕೆಯಲ್ಲಿ ಹಳೆಯ ಯಂತ್ರದ ಅಂಕಿಯನ್ನು ಹೊಸದಕ್ಕೆ ಹೋಲಿಸಬೇಡಿ. ಫಿಲಿಪ್ಸ್ ವರದಿಯಲ್ಲಿ ಮಾಸ್ಕಿನ ತೂತಿನಿಂದ ಬೇಕೆಂದೇ ಹೋಗುವ ಗಾಳಿಯೂ ಸೇರಿದ ಒಟ್ಟು ಲೆಕ್ಕ ಇರುತ್ತದೆ. ರೆಸ್ಮೆಡ್ ಅದನ್ನು ಕಳೆದು ಉಳಿದದ್ದನ್ನು ತೋರಿಸುತ್ತದೆ, ಅಲ್ಲಿ ನಿಮಿಷಕ್ಕೆ 24 ಲೀಟರಿನ ಒಳಗಿದ್ದರೆ ತೊಂದರೆಯಿಲ್ಲ.

ಚಿಕ್ಕಬಳ್ಳಾಪುರದ ಚಳಿಯಲ್ಲಿ ನಡುರಾತ್ರಿ ಪೈಪಿನಿಂದ ಗುಳುಗುಳು ಸದ್ದು ಬಂದರೆ ಯಂತ್ರ ಕೆಟ್ಟಿಲ್ಲ, ತೇವ ತಂಪಾಗಿ ನೀರು ಕಟ್ಟಿದೆ. ತೇವಾಂಶ ಒಂದು ಮಟ್ಟ ಇಳಿಸಿ, ಪೈಪನ್ನು ರಗ್ಗಿನ ಒಳಗಿಂದ ತನ್ನಿ, ಯಂತ್ರವನ್ನು ತಲೆಯ ಮಟ್ಟಕ್ಕಿಂತ ಕೆಳಗಿಡಿ.

ದೂರು ಕೊಡಬೇಕಾದರೆ

ಯಂತ್ರದಿಂದ ಆರೋಗ್ಯಕ್ಕೆ ತೊಂದರೆಯಾಗಿದೆ ಎನಿಸಿದರೆ ಅದನ್ನು ದಾಖಲಿಸಲು ಭಾರತೀಯ ಔಷಧ ಸಂಹಿತಾ ಆಯೋಗ 2015ರಿಂದ ನಡೆಸುತ್ತಿರುವ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ, ಸಹಾಯವಾಣಿ 1800–180–3024. ರೋಗಿಯೇ ವರದಿ ಮಾಡಬಹುದು. ಇದರಿಂದ ಪರಿಹಾರದ ಹಣ ಸಿಗುವುದಿಲ್ಲ, ಆದರೆ ಕಂಪನಿಯ ಲೆಕ್ಕಕ್ಕೆ ಹೊರತಾಗಿ ನಿಮ್ಮ ಪ್ರಕರಣ ಒಂದು ಕಡೆ ಬರಹದಲ್ಲಿ ಉಳಿಯುತ್ತದೆ.

ಬದಲಿ ಕೊಡಲು ಸತಾಯಿಸಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಯಂತ್ರ ಕೊಂಡದ್ದು ಬೆಂಗಳೂರಿನಲ್ಲಾದರೂ, ಕಂಪನಿ ಎಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ತುಮಕೂರಿನವರು ತುಮಕೂರಿನಲ್ಲಿ, ಕೋಲಾರದವರು ಕೋಲಾರದಲ್ಲಿ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು, ಮೀರಿದರೆ ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಿ ಮನ್ನಾ ಕೇಳಬೇಕಾಗುತ್ತದೆ. ಬಿಲ್ಲು, ತಳದ ಸ್ಟಿಕ್ಕರ್ ಫೋಟೋ, ರಿಜಿಸ್ಟರ್ ದೃಢೀಕರಣ, ಜಿಪ್ ಕವರಿನ ಪುಡಿ, ಡೀಲರ್ ಜೊತೆಗಿನ ಸಂದೇಶಗಳ ಪ್ರಿಂಟು ಜೋಡಿಸಿ. ಮೂಲ ಬಿಲ್ಲನ್ನು ಯಾರ ಕೈಗೂ ಬಿಟ್ಟು ಬರಬೇಡಿ, ಝೆರಾಕ್ಸ್ ಕೊಡಿ.